ಸ್ಯಾಟ್ ಅಂಕ ಕಡಿಮೆಯಾದರೆ ಅಮೆರಿಕದ ಉನ್ನತ ಕಾಲೇಜಿನ ಬಾಗಿಲು ಮುಚ್ಚಿತೇ?

ಹಗಲಿಡೀ ಹೋಟೆಲುಗಳಲ್ಲಿ ದುಡಿದು, ರಾತ್ರಿ ಶಾಲೆಗಳಲ್ಲಿ ಓದಿ ಮೇಲೆ ಬಂದ ಕನ್ನಡಿಗರ ಒಂದು ತಲೆಮಾರನ್ನು ಮುಂಬಯಿ ಕಂಡಿದೆ. ಆ ಹಿರಿಯರ ಮಕ್ಕಳು ಇಂಜಿನಿಯರುಗಳು, ಲೆಕ್ಕ ಪರಿಶೋಧಕರು, ಬ್ಯಾಂಕ್ ಅಧಿಕಾರಿಗಳು ಆದರು. ಈಗ ಮೊಮ್ಮಕ್ಕಳ ಸರದಿ. ಹಿಂದೆ ವಿದೇಶ ವ್ಯಾಸಂಗವೆಂದರೆ ಇಲ್ಲಿ ಪದವಿ ಮುಗಿಸಿ, ಜಿಆರ್‌ಇ ಬರೆದು, ಎಂ.ಎಸ್. ಪದವಿಗೆ ಅಮೆರಿಕಕ್ಕೆ ತೆರಳುವುದು ಎಂದೇ ಅರ್ಥವಿತ್ತು. ಇಂದು ಹನ್ನೆರಡನೆಯ ತರಗತಿ ಮುಗಿಯುತ್ತಿದ್ದಂತೆಯೇ ಪದವಿ ಶಿಕ್ಷಣಕ್ಕೇ ಹೊರಡುವ ಹಂಬಲ ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಗಳ ಕನ್ನಡ ಮನೆಗಳಲ್ಲಿಯೂ ಕಾಣುತ್ತಿದೆ. ಆ ದಾರಿಯಲ್ಲಿ ಎದುರಾಗುವ ಮೊದಲ ಪರೀಕ್ಷೆಯೇ ಸ್ಯಾಟ್.

ಮಗಳಿಗೆ 1600ಕ್ಕೆ 1380 ಬಂದಿದೆ, ಅವಳು ಬಯಸಿದ ಕಾಲೇಜಿಗೆ ಸೇರಿದವರಲ್ಲಿ ಹೆಚ್ಚಿನವರಿಗೆ 1500ರ ಮೇಲಿದೆ. ಅರ್ಜಿ ಹಾಕಬೇಕೇ, ಬಿಡಬೇಕೇ? ಈ ಪ್ರಶ್ನೆಗೆ ಬಂಧುಗಳು ಒಂದು ಉತ್ತರ ಹೇಳುತ್ತಾರೆ, ಕೋಚಿಂಗ್ ತರಗತಿಯವರು ಇನ್ನೊಂದು ಹೇಳುತ್ತಾರೆ, ಹಣ ಪಡೆಯುವ ಸಲಹೆಗಾರರು ಮತ್ತೊಂದು ಹೇಳುತ್ತಾರೆ. ಒಂದು ಅಂಕಿಯ ಮೇಲೆ ಹದಿನೇಳು ವರ್ಷದ ಮಗುವಿನ ಆತ್ಮವಿಶ್ವಾಸವೂ ಮನೆಯವರ ಜೀವಮಾನದ ಉಳಿತಾಯವೂ ತೂಗುತ್ತಿರುವಾಗ, ವಿಷಯವನ್ನು ಸಮಾಧಾನದಿಂದ ತಿಳಿದುಕೊಳ್ಳುವುದು ಒಳಿತು. ಆ ಉದ್ದೇಶದಿಂದ ಈ ಲೇಖನವನ್ನು ಓದುಗರ ಮುಂದಿಡುತ್ತಿದ್ದೇವೆ.

ನಮ್ಮ ಲೆಕ್ಕ, ಅವರ ಲೆಕ್ಕ

ನಾವು ಬೆಳೆದು ಬಂದದ್ದು ರ‍್ಯಾಂಕಿನ ಪದ್ಧತಿಯಲ್ಲಿ. ಕರ್ನಾಟಕದ ಸಿಇಟಿ ಇರಲಿ, ಐಐಟಿಗಳ ಜೆಇಇ ಇರಲಿ, ವೈದ್ಯಕೀಯದ ನೀಟ್ ಇರಲಿ, ಅಭ್ಯರ್ಥಿಗಳನ್ನು ಅಂಕಗಳ ಕ್ರಮದಲ್ಲಿ ಒಂದೇ ಸಾಲಿನಲ್ಲಿ ನಿಲ್ಲಿಸಲಾಗುತ್ತದೆ. ಆಯಾ ವರ್ಗದ ಸೀಟುಗಳು ಮುಗಿದಲ್ಲಿಗೆ ಕಟ್‌ಆಫ್ ಬೀಳುತ್ತದೆ. ಒಂದು ಅಂಕ ಕಡಿಮೆಯಾದರೆ ನೂರಾರು ಸ್ಥಾನ ಕೆಳಗಿಳಿಯುವುದುಂಟು. ಈ ಪದ್ಧತಿಯಲ್ಲಿ ಅಂಕವೇ ತೀರ್ಪು.

ಅಮೆರಿಕದ ಆಯ್ದ ಕಾಲೇಜುಗಳಲ್ಲಿ ಇಂಥ ಸಾಲೂ ಇಲ್ಲ, ಗೆರೆಯೂ ಇಲ್ಲ. ಅಲ್ಲಿ ಪ್ರವೇಶ ಸಮಿತಿಯವರು ಒಬ್ಬೊಬ್ಬ ಅಭ್ಯರ್ಥಿಯ ಇಡೀ ಕಡತವನ್ನು ಓದುತ್ತಾರೆ. ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗಿನ ಅಂಕಪಟ್ಟಿ, ಆರಿಸಿಕೊಂಡ ವಿಷಯಗಳ ಕಠಿಣತೆ, ಶಿಕ್ಷಕರ ಶಿಫಾರಸು ಪತ್ರಗಳು, ವಿದ್ಯಾರ್ಥಿಯೇ ಬರೆದ ಪ್ರಬಂಧ, ಪಠ್ಯೇತರ ಚಟುವಟಿಕೆಗಳು, ಶಾಲೆಯ ಪರಿಚಯ ಪತ್ರ, ಇವೆಲ್ಲವುಗಳ ನಡುವೆ ಸ್ಯಾಟ್ ಅಂಕವೂ ಒಂದು. 1550 ಪಡೆದವನಿಗೆ ಪ್ರವೇಶ ಸಿಗದೆ 1440 ಪಡೆದವಳಿಗೆ ಸಿಗುವುದು ಅಲ್ಲಿ ಅಸಾಧ್ಯವಲ್ಲ. ನಮ್ಮ ಕಣ್ಣಿಗೆ ಇದು ಅನ್ಯಾಯವಾಗಿ ಕಾಣಬಹುದು. ಅವರ ದೃಷ್ಟಿಯಲ್ಲಿ ಅದು ಒಂದು ತರಗತಿಯನ್ನು ಕಟ್ಟುವ ಕೆಲಸ: ಗಣಿತಜ್ಞರೂ ಬೇಕು, ಸಂಗೀತಗಾರರೂ ಬೇಕು, ಓಟಗಾರರೂ ಬೇಕು, ದೂರದ ದೇಶಗಳಿಂದ ಬಂದವರೂ ಬೇಕು.

ಇದರಿಂದ ಎರಡು ಸಂಗತಿಗಳು ತಿಳಿಯುತ್ತವೆ. ಕಡಿಮೆ ಅಂಕವೊಂದರಿಂದಲೇ ಅರ್ಜಿ ಬಿದ್ದುಹೋಗುವುದಿಲ್ಲ. ಹಾಗೆಯೇ ಹೆಚ್ಚು ಅಂಕವೊಂದರಿಂದಲೇ ಅರ್ಜಿ ಗೆಲ್ಲುವುದೂ ಇಲ್ಲ. ಹಾರ್ವರ್ಡ್‌ನಂಥ ವಿಶ್ವವಿದ್ಯಾಲಯ ಈಚಿನ ವರ್ಷಗಳಲ್ಲಿ ನೂರು ಅರ್ಜಿಗಳಿಗೆ ಐದನ್ನೂ ಸ್ವೀಕರಿಸಿಲ್ಲ. ನಿರಾಕರಣೆಗೆ ಒಳಗಾದವರಲ್ಲಿ ಅತ್ಯುತ್ತಮ ಅಂಕ ಪಡೆದವರು ಸಾವಿರಾರು ಮಂದಿ ಇರುತ್ತಾರೆ.

ಪರೀಕ್ಷೆಯ ಸ್ವರೂಪ

ಸ್ಯಾಟ್ ಪರೀಕ್ಷೆಯನ್ನು ಕಾಲೇಜ್ ಬೋರ್ಡ್ ಎಂಬ ಸಂಸ್ಥೆ 1926ರಲ್ಲಿ ಮೊದಲ ಬಾರಿಗೆ ನಡೆಸಿತು. ಅದಕ್ಕೆ ಪ್ರತಿಸ್ಪರ್ಧಿಯಾಗಿ 1959ರಲ್ಲಿ ಎಸಿಟಿ ಎಂಬ ಪರೀಕ್ಷೆ ಬಂದಿತು. ಕಾಲೇಜುಗಳು ಈ ಎರಡರಲ್ಲಿ ಯಾವುದನ್ನಾದರೂ ಒಪ್ಪುತ್ತವೆ. ಸ್ಯಾಟ್ ಹೊರದೇಶಗಳಲ್ಲಿ 2023ರ ಮಾರ್ಚ್‌ನಿಂದಲೂ ಅಮೆರಿಕದಲ್ಲಿ 2024ರ ಮಾರ್ಚ್‌ನಿಂದಲೂ ಕಂಪ್ಯೂಟರ್ ಮೇಲೆ ನಡೆಯುತ್ತಿದೆ. ಒಟ್ಟು ಅವಧಿ 2 ಗಂಟೆ 14 ನಿಮಿಷ. ಓದು ಮತ್ತು ಬರವಣಿಗೆಯ ಭಾಗದಲ್ಲಿ 54 ಪ್ರಶ್ನೆಗಳು, ಗಣಿತದಲ್ಲಿ 44 ಪ್ರಶ್ನೆಗಳು. ಪ್ರತಿ ಭಾಗಕ್ಕೆ 200ರಿಂದ 800ರವರೆಗೆ ಅಂಕ. ಪ್ರತಿ ಭಾಗವೂ ಎರಡು ಹಂತಗಳಲ್ಲಿದ್ದು, ಮೊದಲ ಹಂತದಲ್ಲಿ ವಿದ್ಯಾರ್ಥಿ ತೋರಿದ ಸಾಮರ್ಥ್ಯಕ್ಕೆ ತಕ್ಕಂತೆ ಎರಡನೆಯ ಹಂತದ ಪ್ರಶ್ನೆಗಳು ಸುಲಭವೋ ಕಠಿಣವೋ ಆಗುತ್ತವೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವ ಪದ್ಧತಿ 2016ರಲ್ಲಿಯೇ ಹೋಯಿತು. ಆದುದರಿಂದ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬಾರದು.

ಪರೀಕ್ಷೆ ಬರೆಯುವವರ ಒಟ್ಟು ಸರಾಸರಿ ಈಚಿನ ವರ್ಷಗಳಲ್ಲಿ 1020ರಿಂದ 1050ರ ಆಸುಪಾಸಿನಲ್ಲಿದೆ. 1400 ಪಡೆದ ವಿದ್ಯಾರ್ಥಿ ಹತ್ತರಲ್ಲಿ ಒಂಬತ್ತು ಮಂದಿಗಿಂತ ಮುಂದಿರುತ್ತಾನೆ. ಅಂದರೆ ನಮ್ಮ ಮನೆಗಳಲ್ಲಿ 'ಕಡಿಮೆ' ಎಂದು ಮುಖ ಸಣ್ಣದು ಮಾಡಿಕೊಳ್ಳುವ ಅಂಕ, ಅತ್ಯಂತ ಆಯ್ದ ಕೆಲವು ಕಾಲೇಜುಗಳ ಅಳತೆಗೋಲಿನಲ್ಲಿ ಮಾತ್ರ ಕಡಿಮೆ. ಇದನ್ನು ಮಕ್ಕಳಿಗೆ ಮೊದಲು ಹೇಳಬೇಕು.

ಇನ್ನೊಂದು ಮಾತು. ಯಾವ ಪರೀಕ್ಷೆಯ ಅಂಕವೂ ಬಂಗಾರದ ತಕ್ಕಡಿಯಲ್ಲಿ ತೂಗಿದ್ದಲ್ಲ. ಒಂದು ಭಾಗದ ಅಂಕ ಮೇಲಕ್ಕೋ ಕೆಳಕ್ಕೋ 30ರಿಂದ 40ರಷ್ಟು ವ್ಯತ್ಯಾಸವಾಗಬಹುದೆಂದು ಕಾಲೇಜ್ ಬೋರ್ಡೇ ಹೇಳುತ್ತದೆ. ಅದೇ ವಿದ್ಯಾರ್ಥಿ ಅದೇ ತಯಾರಿಯಿಂದ ಇನ್ನೊಂದು ದಿನ ಬರೆದರೆ 1420ರ ಬದಲು 1380 ಬರಬಹುದು, 1460 ಕೂಡ ಬರಬಹುದು. ಅನುಭವಿ ಪ್ರವೇಶಾಧಿಕಾರಿಗಳಿಗೆ ಇದು ತಿಳಿದಿರುತ್ತದೆ. ಆದ್ದರಿಂದ ಇಪ್ಪತ್ತು ಅಂಕಗಳ ಕೊರತೆಗಾಗಿ ಮೂರನೆಯ, ನಾಲ್ಕನೆಯ ಸಲ ಪರೀಕ್ಷೆಗೆ ಕೂರಿಸಿ ಮಗುವಿನ ಹನ್ನೆರಡನೆಯ ತರಗತಿಯ ಓದನ್ನು ಕೆಡಿಸುವುದು ಜಾಣತನವಲ್ಲ.

ಕಡ್ಡಾಯವೆಲ್ಲಿ, ಐಚ್ಛಿಕವೆಲ್ಲಿ?

ಸ್ಯಾಟ್ ಅಂಕವನ್ನು ಕಾಲೇಜುಗಳು ನೋಡುವ ರೀತಿಯನ್ನು ನಾಲ್ಕು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು, ಅಂಕ ಕಡ್ಡಾಯವಾಗಿರುವ ಕಾಲೇಜುಗಳು. 2020ರಲ್ಲಿ ಕೋವಿಡ್ ಕಾರಣದಿಂದ ಪರೀಕ್ಷಾ ಕೇಂದ್ರಗಳು ಮುಚ್ಚಿದಾಗ ಬಹುತೇಕ ಎಲ್ಲ ಕಾಲೇಜುಗಳೂ ಈ ನಿಯಮವನ್ನು ಸಡಿಲಿಸಿದ್ದವು. ಬಳಿಕ ಎಂಐಟಿ 2022ರಲ್ಲಿ ಅದನ್ನು ಮರಳಿ ತಂದಿತು. 2024ರಲ್ಲಿ ಡಾರ್ಟ್‌ಮೌತ್, ಬ್ರೌನ್, ಹಾರ್ವರ್ಡ್, ಕ್ಯಾಲ್‌ಟೆಕ್, ಕಾರ್ನೆಲ್, ಸ್ಟ್ಯಾನ್‌ಫರ್ಡ್ ಇದೇ ತೀರ್ಮಾನವನ್ನು ಪ್ರಕಟಿಸಿದವು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯ 2025ರ ಆರಂಭದಲ್ಲಿ ಘೋಷಿಸಿತು. ಪ್ರಿನ್ಸ್‌ಟನ್ 2025ರ ಅಕ್ಟೋಬರಿನಲ್ಲಿ, 2027-28ರ ಪ್ರವೇಶಾತಿ ಸಾಲಿನಿಂದ ಅಂಕ ಕಡ್ಡಾಯವೆಂದು ತಿಳಿಸಿತು.

ಎರಡನೆಯದು, ಪರ್ಯಾಯ ಒಪ್ಪುವ ಕಾಲೇಜುಗಳು. ಯೇಲ್ ವಿಶ್ವವಿದ್ಯಾಲಯ 2024ರಲ್ಲಿ ಪ್ರಕಟಿಸಿದ ನೀತಿಯಂತೆ ಸ್ಯಾಟ್ ಅಥವಾ ಎಸಿಟಿಯ ಬದಲಿಗೆ ಎಪಿ ಅಥವಾ ಐಬಿ ಪರೀಕ್ಷೆಗಳ ಫಲಿತಾಂಶವನ್ನೂ ಕೊಡಬಹುದಾಯಿತು.

ಮೂರನೆಯದು, ಅಂಕ ಐಚ್ಛಿಕವಾಗಿರುವ ಕಾಲೇಜುಗಳು. ಇದು ಕೋವಿಡ್ ತಂದ ಹೊಸ ಪದ್ಧತಿಯಲ್ಲ. ಮೇನ್ ರಾಜ್ಯದ ಬೋಡನ್ ಕಾಲೇಜು 1969ರಷ್ಟು ಹಿಂದೆಯೇ ಇದನ್ನು ಆರಂಭಿಸಿತು. ಅದೇ ರಾಜ್ಯದ ಬೇಟ್ಸ್ ಕಾಲೇಜು 1984ರಲ್ಲಿ ಅನುಸರಿಸಿತು. ಶಿಕಾಗೋ ವಿಶ್ವವಿದ್ಯಾಲಯ 2018ರಲ್ಲಿ ಈ ಸಾಲಿಗೆ ಸೇರಿತು. ಇಲ್ಲಿ ಅಂಕ ಕಳುಹಿಸುವುದು ಬಿಡುವುದು ವಿದ್ಯಾರ್ಥಿಯ ಇಚ್ಛೆ.

ನಾಲ್ಕನೆಯದು, ಅಂಕವನ್ನು ನೋಡಲೊಲ್ಲದ ಕಾಲೇಜುಗಳು. ಬರ್ಕ್ಲಿ, ಲಾಸ್ ಏಂಜಲಿಸ್, ಸ್ಯಾನ್ ಡಿಯಾಗೋ ಮೊದಲಾದ ಶಾಖೆಗಳಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆಡಳಿತ ಮಂಡಳಿ ಸ್ಯಾಟ್ ಅನ್ನು ಕೈಬಿಡುವ ನಿರ್ಧಾರವನ್ನು 2020ರ ಮೇ ತಿಂಗಳಿನಲ್ಲಿ ಕೈಗೊಂಡಿತು. 2021ರಿಂದ ಅಲ್ಲಿ ಪ್ರವೇಶ ನಿರ್ಣಯಕ್ಕೆ ಈ ಅಂಕಗಳನ್ನು ಬಳಸುವುದೇ ಇಲ್ಲ. 1600 ಬಂದವರಿಗೂ ಅದರಿಂದ ಲಾಭವಿಲ್ಲ, 1200 ಬಂದವರಿಗೂ ನಷ್ಟವಿಲ್ಲ.

ಈ ನೀತಿಗಳು ವರ್ಷ ವರ್ಷವೂ ಬದಲಾಗುತ್ತಿವೆ. ಕೆಲವು ಕಾಲೇಜುಗಳು ವಿದೇಶಿ ಅಭ್ಯರ್ಥಿಗಳಿಗೆ ಬೇರೆ ನಿಯಮ ಇಟ್ಟಿರುವುದೂ ಉಂಟು. ಆದಕಾರಣ ಕಳೆದ ವರ್ಷ ಹೋದ ನೆಂಟರ ಮಗನ ಅನುಭವವನ್ನು ನೆಚ್ಚದೆ, ಪ್ರತಿ ಕಾಲೇಜಿನ ಪ್ರವೇಶ ಪುಟವನ್ನು ಅರ್ಜಿ ಹಾಕುವ ವರ್ಷವೇ ಓದಬೇಕು. ಸ್ಯಾಟ್ ಐಚ್ಛಿಕವಾದ ಕಡೆಯೂ ಟೋಫೆಲ್ ಅಥವಾ ಐಇಎಲ್‌ಟಿಎಸ್‌ನಂಥ ಇಂಗ್ಲಿಷ್ ಪರೀಕ್ಷೆ ಬೇಕಾಗಬಹುದು. ಅದು ಬೇರೆಯೇ ವಿಷಯ.

'ಕಡಿಮೆ' ಎಂದರೆ ಎಷ್ಟು?

ಅಮೆರಿಕದ ಬಹುಪಾಲು ಕಾಲೇಜುಗಳು ಕಾಮನ್ ಡೇಟಾ ಸೆಟ್ ಎಂಬ ಮಾಹಿತಿ ಪತ್ರವನ್ನು ವರ್ಷಕ್ಕೊಮ್ಮೆ ಪ್ರಕಟಿಸುತ್ತವೆ. ಕಾಲೇಜಿನ ಹೆಸರಿನೊಂದಿಗೆ ಈ ಪದಗಳನ್ನು ಅಂತರ್ಜಾಲದಲ್ಲಿ ಹುಡುಕಿದರೆ ಉಚಿತವಾಗಿ ಸಿಗುತ್ತದೆ. ಅದರ 'ಸಿ' ವಿಭಾಗ ನಮಗೆ ಮುಖ್ಯ. ಸಿ-7ರಲ್ಲಿ ಅಂಕಪಟ್ಟಿ, ಪ್ರಬಂಧ, ಶಿಫಾರಸು, ಪರೀಕ್ಷಾ ಅಂಕ ಮೊದಲಾದವುಗಳಲ್ಲಿ ಯಾವುದು 'ಅತಿ ಮುಖ್ಯ', ಯಾವುದು 'ಮುಖ್ಯ', ಯಾವುದು 'ಪರಿಗಣಿಸಲಾಗುವುದು', ಯಾವುದು 'ಪರಿಗಣಿಸುವುದಿಲ್ಲ' ಎಂದು ಕಾಲೇಜೇ ಹೇಳಿರುತ್ತದೆ. ಸಿ-9ರಲ್ಲಿ ಸೇರಿದ ವಿದ್ಯಾರ್ಥಿಗಳ ಸ್ಯಾಟ್ ಅಂಕಗಳ 25ನೇ ಮತ್ತು 75ನೇ ಪರ್ಸೆಂಟೈಲ್ ಇರುತ್ತದೆ.

ಒಂದು ಕಾಲೇಜಿನ ಪತ್ರದಲ್ಲಿ 1450 ಮತ್ತು 1540 ಎಂದಿದೆ ಎಂದಿಟ್ಟುಕೊಳ್ಳೋಣ. ಅಂಕ ಕೊಟ್ಟು ಸೇರಿದವರಲ್ಲಿ ಕಾಲು ಭಾಗದವರು 1450 ಅಥವಾ ಅದಕ್ಕೂ ಕಡಿಮೆ ಪಡೆದವರು, ಅರ್ಧದಷ್ಟು ಮಂದಿ ಈ ಎರಡರ ನಡುವಿನವರು, ಉಳಿದ ಕಾಲು ಭಾಗ 1540 ಅಥವಾ ಅದಕ್ಕೂ ಮೇಲಿನವರು ಎಂದು ಇದರ ಅರ್ಥ. 1450 ಎಂಬುದು ಕನಿಷ್ಠ ಅರ್ಹತೆ ಎಂದು ಓದಿಕೊಳ್ಳುವುದು ನಮ್ಮವರು ಸಾಮಾನ್ಯವಾಗಿ ಮಾಡುವ ತಪ್ಪು.

ಆದರೆ ಈ ಅಂಕಿಗಳನ್ನು ಓದುವಾಗ ಎರಡು ಎಚ್ಚರಿಕೆಗಳು ಬೇಕು. ಅಂಕ ಐಚ್ಛಿಕವಾದ ಕಾಲೇಜುಗಳಲ್ಲಿ ಹೆಚ್ಚು ಅಂಕ ಬಂದವರೇ ಕಳುಹಿಸುತ್ತಾರೆ. ಆದ್ದರಿಂದ ಪ್ರಕಟವಾಗುವ ಶ್ರೇಣಿ ಇಡೀ ತರಗತಿಯ ನಿಜವಾದ ಮಟ್ಟಕ್ಕಿಂತ ಎತ್ತರವಾಗಿ ಕಾಣುತ್ತದೆ. ಎಷ್ಟು ಶೇಕಡ ಮಂದಿ ಅಂಕ ಸಲ್ಲಿಸಿದ್ದಾರೆ ಎಂಬುದೂ ಅದೇ ಪತ್ರದಲ್ಲಿರುತ್ತದೆ, ಅದನ್ನು ಜೊತೆಗಿಟ್ಟು ನೋಡಬೇಕು. ಎರಡನೆಯದು, ಕೆಳಗಿನ ಕಾಲು ಭಾಗದಲ್ಲಿ ಕಾಲೇಜಿನ ತಂಡಗಳಿಗಾಗಿ ಆರಿಸಲಾದ ಕ್ರೀಡಾಪಟುಗಳು, ಹಳೆಯ ವಿದ್ಯಾರ್ಥಿಗಳ ಮಕ್ಕಳು, ತೀರ ಕಷ್ಟದ ಹಿನ್ನೆಲೆಯಿಂದ ಬಂದ ಪ್ರತಿಭಾವಂತರು ಇರಬಹುದು. ಮುಂಬಯಿಯ ಒಳ್ಳೆಯ ಶಾಲೆಯಲ್ಲಿ ಓದಿದ ಮಧ್ಯಮವರ್ಗದ ವಿದ್ಯಾರ್ಥಿ ತಾನೂ ಆ ಕಾಲು ಭಾಗಕ್ಕೆ ಸುಲಭವಾಗಿ ಸೇರುತ್ತೇನೆಂದು ಭಾವಿಸುವುದು ಸರಿಯಲ್ಲ.

ಕಳುಹಿಸಬೇಕೇ, ಬೇಡವೇ?

ಅಂಕ ಐಚ್ಛಿಕವಾದ ಕಾಲೇಜುಗಳ ಮಟ್ಟಿಗೆ ಸ್ಥೂಲವಾದ ಒಂದು ಸೂತ್ರವಿದೆ. ನಿಮ್ಮ ಮಗುವಿನ ಅಂಕ ಆ ಕಾಲೇಜಿನ ನಡುವಿನ ಶ್ರೇಣಿಯೊಳಗೆ ಅಥವಾ ಮೇಲಿದ್ದರೆ ಕಳುಹಿಸಬೇಕು. ಶ್ರೇಣಿಗಿಂತ ಬಹಳ ಕೆಳಗಿದ್ದು, ಶಾಲೆಯ ಅಂಕಪಟ್ಟಿ ಅದಕ್ಕಿಂತ ಉತ್ತಮ ಚಿತ್ರ ಕೊಡುವುದಾದರೆ ಕಳುಹಿಸದಿರುವುದು ಮೇಲು. ಇವೆರಡರ ನಡುವಿನ ಪ್ರದೇಶದಲ್ಲಿಯೇ ವಿವೇಚನೆ ಬೇಕಾಗುವುದು.

ಡಾರ್ಟ್‌ಮೌತ್ ಕಾಲೇಜಿನ ಅಧ್ಯಾಪಕರು 2024ರ ಆರಂಭದಲ್ಲಿ ಪ್ರಕಟಿಸಿದ ಅಧ್ಯಯನವನ್ನು ಇಲ್ಲಿ ನೆನೆಯಬೇಕು. ಅಂಕ ಐಚ್ಛಿಕವಾಗಿದ್ದ ಅವಧಿಯಲ್ಲಿ, ಅನುಕೂಲವಿಲ್ಲದ ಹಿನ್ನೆಲೆಯ ಅನೇಕ ವಿದ್ಯಾರ್ಥಿಗಳು 1400ರ ಆಸುಪಾಸಿನ ಅಂಕಗಳನ್ನು ಕಡಿಮೆಯೆಂದು ತಿಳಿದು ಮುಚ್ಚಿಟ್ಟಿದ್ದರು. ಆ ಅಂಕಗಳನ್ನು ಕಳುಹಿಸಿದ್ದರೆ ಅವರಿಗೆ ಪ್ರವೇಶದ ಸಾಧ್ಯತೆ ಹೆಚ್ಚುತ್ತಿತ್ತು ಎಂಬುದು ಅಧ್ಯಯನದ ಮುಖ್ಯ ಅಂಶ. ಕಾರಣ, ಸಮಿತಿಯವರು ಅಂಕವನ್ನು ಆ ವಿದ್ಯಾರ್ಥಿಯ ಶಾಲೆ, ಪರಿಸರಗಳ ಹಿನ್ನೆಲೆಯಲ್ಲಿಟ್ಟು ನೋಡುತ್ತಾರೆ. ಸ್ಯಾಟ್ ಎಂಬ ಹೆಸರೇ ಕೇಳದ ಶಾಲೆಯಿಂದ, ತರಬೇತಿಯಿಲ್ಲದೆ ಬಂದ 1400ಕ್ಕೂ, ಮಹಾನಗರದ ಅಂತರರಾಷ್ಟ್ರೀಯ ಶಾಲೆಯಿಂದ ಬಂದ 1400ಕ್ಕೂ ಬೆಲೆ ಒಂದೇ ಅಲ್ಲ. ಪರೀಕ್ಷೆಯನ್ನು ಮರಳಿ ಕಡ್ಡಾಯಗೊಳಿಸಲು ಡಾರ್ಟ್‌ಮೌತ್ ಕೊಟ್ಟ ಕಾರಣಗಳಲ್ಲಿ ಇದೂ ಒಂದು.

ಭಾಗವಾರು ಅಂಕವನ್ನೂ ನೋಡಬೇಕು. ಎಂಐಟಿಯಲ್ಲಿ ಸಾಹಿತ್ಯ ಓದಲು ಹೋದವರೂ ಕಲನಶಾಸ್ತ್ರ ಮತ್ತು ಭೌತಶಾಸ್ತ್ರದ ಪಾಠಗಳನ್ನು ಕಡ್ಡಾಯವಾಗಿ ಮುಗಿಸಬೇಕು. ಗಣಿತದ ತಯಾರಿಯನ್ನು ಅಳೆಯಲು ಪರೀಕ್ಷಾ ಅಂಕ ನೆರವಾಗುತ್ತದೆಂದು ಆ ಸಂಸ್ಥೆ 2022ರಲ್ಲಿ ಸ್ಪಷ್ಟವಾಗಿ ಹೇಳಿತು. ಅಲ್ಲಿ ಗಣಿತದ ಅಂಕ ಕಡಿಮೆಯಾದರೆ ಅದನ್ನು ಬೇರೆ ಯಾವುದರಿಂದಲೂ ಮುಚ್ಚುವುದು ಕಷ್ಟ. ಇತಿಹಾಸವನ್ನೋ ಸಮಾಜಶಾಸ್ತ್ರವನ್ನೋ ಓದಬಯಸಿ ಸಣ್ಣ ಲಿಬರಲ್ ಆರ್ಟ್ಸ್ ಕಾಲೇಜಿಗೆ ಅರ್ಜಿ ಹಾಕುವವರಿಗೆ ಗಣಿತದಲ್ಲಿ 660 ಬಂದರೂ ಓದು-ಬರಹದಲ್ಲಿ 740 ಇದ್ದರೆ ಆ ಕೊರತೆ ಅಷ್ಟಾಗಿ ಬಾಧಿಸದು. ಎರಡು ಬೇರೆ ದಿನಗಳ ಪರೀಕ್ಷೆಗಳಿಂದ ಪ್ರತಿ ಭಾಗದ ಉತ್ತಮ ಅಂಕವನ್ನು ಆರಿಸಿ ಕೂಡಿಸುವ ಪದ್ಧತಿ ಅನೇಕ ಕಾಲೇಜುಗಳಲ್ಲಿದೆ. ಮೊದಲ ಸಲ ಗಣಿತ 720, ಓದು 640. ಎರಡನೆಯ ಸಲ ಗಣಿತ 690, ಓದು 700 ಬಂದಿದ್ದರೆ, ಅಂಥ ಕಾಲೇಜು ಅದನ್ನು 1420 ಎಂದೇ ಎಣಿಸುತ್ತದೆ.

ಕೊರತೆಯನ್ನು ತುಂಬುವುದು ಯಾವುದು?

ಅಂಕ ಕಳುಹಿಸದಿದ್ದರೆ ಅರ್ಜಿಯಲ್ಲಿ ಒಂದು ಸ್ಥಾನ ಖಾಲಿಯಾಗುತ್ತದೆ. ಆ ಭಾರವನ್ನು ಉಳಿದ ಭಾಗಗಳು ಹೊರಬೇಕು. ಇವುಗಳಲ್ಲಿ ಮೊದಲ ಸ್ಥಾನ ಶಾಲೆಯ ನಾಲ್ಕು ವರ್ಷಗಳ ಅಂಕಪಟ್ಟಿಗೆ. ಒಂಬತ್ತನೆಯ ತರಗತಿಯ ಅಂಕವನ್ನು ನಮ್ಮಲ್ಲಿ ಯಾರೂ ಗಣಿಸುವುದಿಲ್ಲ, ಅವರು ಗಣಿಸುತ್ತಾರೆ. ಹತ್ತನೆಯ ತರಗತಿಯಲ್ಲಿ 82 ಶೇಕಡ ಇದ್ದವನು ಹನ್ನೊಂದರಲ್ಲಿ 88, ಹನ್ನೆರಡರ ಪೂರ್ವಭಾವಿ ಪರೀಕ್ಷೆಯಲ್ಲಿ 93 ತೆಗೆದರೆ ಆ ಏರುಗತಿಗೆ ಬೆಲೆಯಿದೆ. ಸಾಧ್ಯವಿರುವವರು ತಮಗೆ ಪ್ರಿಯವಾದ ವಿಷಯದಲ್ಲಿ ಒಂದೆರಡು ಎಪಿ ಪರೀಕ್ಷೆ ಬರೆಯಬಹುದು. ಮೇ ತಿಂಗಳಿನಲ್ಲಿ ನಡೆಯುವ ಈ ಪರೀಕ್ಷೆಗಳಿಗೆ ಭಾರತದಲ್ಲಿಯೂ ಕೇಂದ್ರಗಳಿವೆ. 1ರಿಂದ 5ರವರೆಗಿನ ಶ್ರೇಯಾಂಕದಲ್ಲಿ 5 ಬಂದರೆ, ಆ ವಿಷಯದಲ್ಲಿ ವಿದ್ಯಾರ್ಥಿಗೆ ಕಾಲೇಜು ಮಟ್ಟದ ಹಿಡಿತವಿದೆ ಎಂಬುದಕ್ಕೆ ಅದು ಗಟ್ಟಿ ಸಾಕ್ಷಿ.

ಶಿಫಾರಸು ಪತ್ರದ ವಿಷಯದಲ್ಲಿ ನಮ್ಮ ಶಾಲೆಗಳು ಹಿಂದುಳಿದಿವೆ. "ವಿಧೇಯ, ಶ್ರಮಜೀವಿ, ಉತ್ತಮ ನಡತೆಯ ವಿದ್ಯಾರ್ಥಿ" ಎಂಬ ಮೂರು ಸಾಲಿನ ಪತ್ರದಿಂದ ಪ್ರಯೋಜನವಿಲ್ಲ. ತರಗತಿಯಲ್ಲಿ ವಿದ್ಯಾರ್ಥಿ ಕೇಳಿದ ಒಂದು ಪ್ರಶ್ನೆ, ಸೋತ ಪ್ರಯೋಗವನ್ನು ಮತ್ತೆ ಮಾಡಿ ತೋರಿಸಿದ ಬಗೆ, ಸಹಪಾಠಿಗಳಿಗೆ ಕಲಿಸಿದ ರೀತಿ, ಇಂಥ ನಿರ್ದಿಷ್ಟ ಸಂಗತಿಗಳು ಪತ್ರಕ್ಕೆ ಜೀವ ಕೊಡುತ್ತವೆ. ಹೆಸರಾಂತ ವ್ಯಕ್ತಿಯ ಪತ್ರಕ್ಕಿಂತ ದಿನವೂ ಪಾಠ ಹೇಳಿದ ಶಿಕ್ಷಕರ ಪತ್ರವೇ ಹೆಚ್ಚು ಉಪಯುಕ್ತ. ಅವರಿಗೆ ಎರಡು ತಿಂಗಳ ಮೊದಲೇ ವಿನಂತಿಸಿ, ಬೇಕಾದ ವಿವರ ಕೊಡುವುದು ಸೌಜನ್ಯ.

ಚಟುವಟಿಕೆಗಳ ಪಟ್ಟಿಗೆ ಕಾಮನ್ ಆಪ್ ಅರ್ಜಿಯಲ್ಲಿ ಹತ್ತು ಸ್ಥಾನಗಳಿವೆ. ಹತ್ತನ್ನೂ ತುಂಬಲೇಬೇಕೆಂಬ ನಿಯಮವಿಲ್ಲ. ಪ್ರಮಾಣಪತ್ರಗಳ ರಾಶಿಗಿಂತ ನಾಲ್ಕು ವರ್ಷ ಬಿಡದೆ ಮಾಡಿದ ಒಂದೆರಡು ಕೆಲಸ ಹೆಚ್ಚು ಹೇಳುತ್ತದೆ. ಹೊರನಾಡ ಕನ್ನಡಿಗರ ಮಕ್ಕಳಿಗೆ ಇಲ್ಲಿ ಸಹಜವಾದ ಒಂದು ಸಂಪತ್ತಿದೆ. ಕನ್ನಡ ಸಂಘದಲ್ಲಿ ಭಾನುವಾರಗಳಂದು ಚಿಕ್ಕ ಮಕ್ಕಳಿಗೆ ಅಕ್ಷರ ಕಲಿಸಿದ್ದು, ಯಕ್ಷಗಾನದ ಹೆಜ್ಜೆ ಕಲಿತು ರಂಗವೇರಿದ್ದು, ಅಜ್ಜಿಯ ಬಾಯಿಂದ ಕೇಳಿದ ಹಾಡುಗಳನ್ನು ಬರೆದಿಟ್ಟದ್ದು, ಮನೆಯ ಅಂಗಡಿಯಲ್ಲಿ ಸಂಜೆ ಲೆಕ್ಕ ಬರೆದದ್ದು, ಇವೆಲ್ಲ ಅರ್ಜಿಯಲ್ಲಿ ಬರೆಯತಕ್ಕ ಕೆಲಸಗಳೇ. ನಮ್ಮ ಮಕ್ಕಳು ಇವನ್ನು ಸಾಮಾನ್ಯವೆಂದು ಬಿಟ್ಟು, ಹಣ ಕೊಟ್ಟು ಸೇರಿದ ಬೇಸಿಗೆ ಶಿಬಿರದ ಹೆಸರನ್ನು ಮೊದಲು ಬರೆಯುತ್ತಾರೆ. ಆದರೆ ಅರ್ಜಿಗಾಗಿಯೇ ಆರು ತಿಂಗಳ ಹಿಂದೆ ಕಲೆಯ ಮೇಲೆ ಹುಟ್ಟಿದ ಪ್ರೀತಿ ಓದುವವರಿಗೆ ಗೊತ್ತಾಗುತ್ತದೆ ಎಂಬುದನ್ನೂ ನೆನಪಿಡಬೇಕು.

ಪ್ರಬಂಧ 650 ಪದಗಳ ಮಿತಿಯದು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವು ಎಂಟು ಪ್ರಶ್ನೆಗಳನ್ನು ಕೊಟ್ಟು ನಾಲ್ಕಕ್ಕೆ ತಲಾ 350 ಪದಗಳಲ್ಲಿ ಉತ್ತರ ಕೇಳುತ್ತದೆ. ಕಡಿಮೆ ಅಂಕಕ್ಕೆ ಕ್ಷಮೆ ಕೇಳಲು ಈ ಸ್ಥಳವನ್ನು ವ್ಯಯ ಮಾಡಬಾರದು. ಕಾಯಿಲೆ, ಮನೆಯಲ್ಲಿ ಸಾವು, ಪರೀಕ್ಷಾ ಕೇಂದ್ರಕ್ಕಾಗಿ ಬೇರೆ ಊರಿಗೆ ರಾತ್ರಿ ಪಯಣ, ಇಂಥ ನಿಜವಾದ ಕಾರಣವಿದ್ದರೆ 'ಹೆಚ್ಚಿನ ಮಾಹಿತಿ' ಎಂಬ ಭಾಗದಲ್ಲಿ ಎರಡು ಮೂರು ವಾಕ್ಯಗಳಲ್ಲಿ ತಿಳಿಸಿದರೆ ಸಾಕು. ಪ್ರಬಂಧ ಓದಿದವರಿಗೆ ಈ ಹುಡುಗಿ ಹೇಗೆ ಯೋಚಿಸುತ್ತಾಳೆ ಎಂಬುದು ತಿಳಿಯಬೇಕು.

ಹಣದ ಮಾತು

ಈ ವಿಷಯವನ್ನು ಮೊದಲೇ ಮನೆಯಲ್ಲಿ ಕುಳಿತು ಮಾತನಾಡದ ಕುಟುಂಬಗಳು ಕೊನೆಗೆ ಕಷ್ಟಪಡುತ್ತವೆ. ಅಂಕಕ್ಕೂ ಹಣಕ್ಕೂ ನಂಟಿದೆ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್‌ಹರ್ಸ್ಟ್ ಮುಂತಾದ ಬೆರಳೆಣಿಕೆಯ ಸಂಸ್ಥೆಗಳು ವಿದೇಶಿ ವಿದ್ಯಾರ್ಥಿಯ ಆರ್ಥಿಕ ಸ್ಥಿತಿಯನ್ನು ಪ್ರವೇಶ ನಿರ್ಣಯದಲ್ಲಿ ನೋಡುವುದಿಲ್ಲ, ಆರಿಸಿದವರಿಗೆ ಅಗತ್ಯಕ್ಕೆ ತಕ್ಕ ನೆರವು ಕೊಡುತ್ತವೆ. ಡಾರ್ಟ್‌ಮೌತ್ ಮತ್ತು ಬೋಡನ್ 2022ರಲ್ಲಿ ಈ ಸಾಲಿಗೆ ಸೇರಿದವು. ಉಳಿದ ಹೆಚ್ಚಿನ ಕಾಲೇಜುಗಳಲ್ಲಿ ವಿದೇಶಿಯರಿಗೆ ಮೀಸಲಾದ ನೆರವಿನ ಮೊತ್ತ ಸೀಮಿತ. ದೊಡ್ಡ ನೆರವು ಕೇಳುವ ಅಭ್ಯರ್ಥಿ ಅಲ್ಲಿ ಇನ್ನೂ ಬಿಗಿಯಾದ ಸ್ಪರ್ಧೆಯನ್ನು ಎದುರಿಸುತ್ತಾನೆ. ಆ ಸ್ಪರ್ಧೆಯಲ್ಲಿ ಕಡಿಮೆ ಅಂಕ ಹೆಚ್ಚು ಭಾರವಾಗುತ್ತದೆ. ಪ್ರತಿಭಾ ವಿದ್ಯಾರ್ಥಿವೇತನಗಳಲ್ಲಿ ಕೆಲವಕ್ಕೆ ಸ್ಯಾಟ್ ಅಂಕ ಬೇಕೇ ಬೇಕು. ಅಂಥಲ್ಲಿ ಪ್ರವೇಶಕ್ಕೆ ಅಂಕ ಐಚ್ಛಿಕವಾದರೂ ಹಣಕ್ಕೆ ಐಚ್ಛಿಕವಲ್ಲ.

ಅಂಕವನ್ನೇ ನೋಡದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಹೊರದೇಶದವರಿಗೆ ಸಿಗುವ ನೆರವು ತೀರ ಅಲ್ಪ. ಬೋಧನಾ ಶುಲ್ಕ, ವಸತಿ, ಊಟ ಸೇರಿ ವರ್ಷಕ್ಕೆ 80,000 ಡಾಲರಿಗೂ ಮಿಕ್ಕಿ ಖರ್ಚಿದೆ. ನಾಲ್ಕು ವರ್ಷಕ್ಕೆ 3,20,000 ಡಾಲರಿನ ಮೇಲಾಯಿತು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಹಿರಿಯರ ಮಾತು ಇಲ್ಲಿ ಅಕ್ಷರಶಃ ಸಲ್ಲುತ್ತದೆ. ಊರಿನ ತೋಟವನ್ನೋ ಇರುವ ಒಂದು ಮನೆಯನ್ನೋ ಒತ್ತೆಯಿಡುವ ಮೊದಲು, ಆ ಪದವಿಯಿಂದ ಬರಬಹುದಾದ ಸಂಪಾದನೆ, ವೀಸಾದ ಅನಿಶ್ಚಿತತೆ, ತಂದೆತಾಯಿಯ ನಿವೃತ್ತಿಯ ವರ್ಷ, ಈ ಮೂರನ್ನೂ ಒಂದೇ ಹಾಳೆಯಲ್ಲಿ ಬರೆದು ನೋಡಬೇಕು. ನವೆಂಬರ್ ಆರಂಭದಲ್ಲಿ ಸಲ್ಲಿಸುವ 'ಅರ್ಲಿ ಡಿಸಿಷನ್' ಅರ್ಜಿಗೆ ಪ್ರವೇಶ ಸಾಧ್ಯತೆ ತುಸು ಹೆಚ್ಚೆಂದು ಸಲಹೆಗಾರರು ಅದನ್ನೇ ಹಾಕಿಸುವುದುಂಟು. ಅದರಲ್ಲಿ ಪ್ರವೇಶ ಸಿಕ್ಕರೆ ಸೇರಲೇಬೇಕೆಂಬ ಬದ್ಧತೆ ಇದೆ, ಬೇರೆ ಕಾಲೇಜುಗಳ ನೆರವಿನೊಂದಿಗೆ ಹೋಲಿಸಿ ನೋಡುವ ಅವಕಾಶ ಇರುವುದಿಲ್ಲ. ಅಂಥ ಬದ್ಧತೆಯಿಲ್ಲದ 'ಅರ್ಲಿ ಆಕ್ಷನ್' ಬೇರೆ. ಈ ವ್ಯತ್ಯಾಸ ತಿಳಿಯದೆ ಸಹಿ ಹಾಕಬಾರದು.

ಅಡ್ಡದಾರಿಯ ಬೆಲೆ

ಕೊರತೆಯನ್ನು ಕಂಡು ಹೆದರಿದ ಮನೆಗಳನ್ನೇ ಅಡ್ಡದಾರಿಯ ದಲ್ಲಾಳಿಗಳು ಹುಡುಕಿಕೊಂಡು ಬರುತ್ತಾರೆ. 2019ರ ಮಾರ್ಚ್‌ನಲ್ಲಿ ಅಮೆರಿಕದ ಬಾಸ್ಟನ್ನಿನ ಫೆಡರಲ್ ಅಭಿಯೋಜಕರು ಬಯಲಿಗೆಳೆದ ಪ್ರವೇಶ ಹಗರಣ ಎಲ್ಲರಿಗೂ ಪಾಠವಾಗಬೇಕು. ರಿಕ್ ಸಿಂಗರ್ ಎಂಬ ಸಲಹೆಗಾರ ಪರೀಕ್ಷಾ ಮೇಲ್ವಿಚಾರಕರಿಗೆ ಲಂಚ ಕೊಟ್ಟು ಉತ್ತರಗಳನ್ನು ತಿದ್ದಿಸುತ್ತಿದ್ದ, ಆಡದ ಆಟಗಳಲ್ಲಿ ಮಕ್ಕಳನ್ನು ಆಟಗಾರರೆಂದು ತೋರಿಸುತ್ತಿದ್ದ. ಮಗಳ ಸ್ಯಾಟ್ ಉತ್ತರ ತಿದ್ದಿಸಲು 15,000 ಡಾಲರ್ ಕೊಟ್ಟ ನಟಿ ಫೆಲಿಸಿಟಿ ಹಫ್‌ಮನ್‌ಗೆ 14 ದಿನಗಳ ಸೆರೆವಾಸವಾಯಿತು. ಸಿಂಗರ್‌ಗೆ 2023ರ ಜನವರಿಯಲ್ಲಿ ಮೂರೂವರೆ ವರ್ಷಗಳ ಶಿಕ್ಷೆಯಾಯಿತು.

ಅಷ್ಟು ದೂರ ಹೋಗದಿದ್ದರೂ, ಹಣ ಪಡೆದು ಪ್ರಬಂಧ ಬರೆದುಕೊಡುವುದು, ಅಂಕಪಟ್ಟಿ ತಿದ್ದುವುದು, ಇಲ್ಲದ ಸೇವಾ ಸಂಸ್ಥೆಯನ್ನು ಸೃಷ್ಟಿಸುವುದು ನಮ್ಮ ನಗರಗಳಲ್ಲಿಯೂ ನಡೆಯುತ್ತದೆ. ಅರ್ಜಿಯಲ್ಲಿ ಬರೆದದ್ದೆಲ್ಲ ತನ್ನದೇ ಎಂದು ವಿದ್ಯಾರ್ಥಿ ಸಹಿ ಮಾಡಬೇಕಾಗುತ್ತದೆ. ಕೃತಕ ಬುದ್ಧಿಮತ್ತೆಯ ತಂತ್ರಾಂಶದಿಂದ ಬರೆಸಿದ್ದನ್ನು ತನ್ನದೆಂದು ಕೊಡುವುದನ್ನೂ ಕಾಮನ್ ಆಪ್ ವಂಚನೆಯೆಂದೇ ಎಣಿಸುತ್ತದೆ. ಸುಳ್ಳು ಪತ್ತೆಯಾದರೆ ಪ್ರವೇಶ ರದ್ದಾಗುತ್ತದೆ. ಸೇರಿದ ಮೇಲೆ ತಿಳಿದರೂ ಹೊರಹಾಕುವ ಹಕ್ಕು ಕಾಲೇಜಿಗಿದೆ. ಪತ್ತೆಯಾಗದೆ ಉಳಿದರೂ, "ನಿನ್ನ ಸ್ವಂತ ಮಾತು ಸಾಲದು" ಎಂದು ತಂದೆತಾಯಿಯೇ ಮಗುವಿಗೆ ಹೇಳಿದಂತಾಗುವ ನೋವು ಬೇರೆಯೇ.

ಪಟ್ಟಿ ಮಾಡುವ ಕ್ರಮ

ಎಂಟರಿಂದ ಹತ್ತು ಕಾಲೇಜುಗಳ ಪಟ್ಟಿ ಒಂದು ಕುಟುಂಬಕ್ಕೆ ಸಾಕು. ಮಗುವಿನ ಅಂಕ ಶ್ರೇಣಿಗಿಂತ ಕೆಳಗಿರುವ, ಆದರೆ ಓದಲು ನಿಜವಾಗಿ ಬಯಸುವ ಎರಡು ಮೂರು ಕಾಲೇಜುಗಳು ಅದರಲ್ಲಿರಲಿ. ಅಂಕ ನಡುವಿನ ಶ್ರೇಣಿಯಲ್ಲಿ ಬರುವ ಮೂರು ನಾಲ್ಕು ಇರಲಿ. ಅಂಕವೂ ಹಣವೂ ಖಚಿತವಾಗಿ ಸಾಲುವ ಎರಡು ಇರಲೇಬೇಕು. ಇವುಗಳಲ್ಲಿ ಒಂದು ಭಾರತದಲ್ಲಿಯೇ ಇದ್ದರೆ ಇನ್ನೂ ಒಳಿತು. ಐವಿ ಲೀಗಿನ ಎಂಟು ಹೆಸರುಗಳನ್ನು ಮಾತ್ರ ಬರೆದುಕೊಂಡು ಕೂರುವುದು ಪಟ್ಟಿಯಲ್ಲ, ಲಾಟರಿ.

ಹನ್ನೊಂದನೆಯ ತರಗತಿಯ ಮಾರ್ಚ್ ಅಥವಾ ಮೇ ತಿಂಗಳಿನಲ್ಲಿ ಮೊದಲ ಬಾರಿ ಸ್ಯಾಟ್ ಬರೆದು, ಬೇಕಾದರೆ ಆಗಸ್ಟ್ ಅಥವಾ ಅಕ್ಟೋಬರಿನಲ್ಲಿ ಇನ್ನೊಮ್ಮೆ ಬರೆದರೆ ಸಾಕು. ಎರಡು ಪ್ರಯತ್ನಗಳ ಬಳಿಕ ಬಂದ ಅಂಕವನ್ನು ಒಪ್ಪಿಕೊಂಡು ಉಳಿದ ಕೆಲಸಕ್ಕೆ ತೊಡಗುವುದೇ ಲೇಸು.

ಹಾಗಾದರೆ ಆ 1380ರ ಹುಡುಗಿ ಅರ್ಜಿ ಹಾಕಬೇಕೇ? ಅಂಕ ಐಚ್ಛಿಕವಾದ ಕಾಲೇಜಾಗಿದ್ದು, ಅಂಕಪಟ್ಟಿ ಗಟ್ಟಿಯಾಗಿದ್ದು, ಬರೆಯಲು ತನ್ನದೇ ಆದ ಮಾತಿದ್ದು, ಮನೆಯ ಲೆಕ್ಕ ಹೊಂದುವುದಾದರೆ ಖಂಡಿತ ಹಾಕಬಹುದು. ಅಂಕ ಕಡ್ಡಾಯವಾದ ಕಡೆ ಅವಕಾಶ ತೀರ ಕಿರಿದು ಎಂಬುದನ್ನು ಮೊದಲೇ ತಿಳಿಸಿ, ಒಂದೋ ಎರಡೋ ಅರ್ಜಿಗೆ ಸೀಮಿತಗೊಳಿಸುವುದು ವಿವೇಕ. ಮಾರ್ಚ್ ಕೊನೆಯಲ್ಲಿ ಫಲಿತಾಂಶ ಬಂದಾಗ ನಿರಾಕರಣೆಯ ಪತ್ರಗಳು ಕೆಲವಾದರೂ ಇರುತ್ತವೆ. ಆ ದಿನ ಮಗು ಮೊದಲು ನೋಡುವುದು ತಂದೆತಾಯಿಯ ಮುಖವನ್ನು. ಅಂದು ಆ ಮುಖದಲ್ಲಿ ನಿರಾಶೆ ಕಾಣದಂತೆ ನೋಡಿಕೊಳ್ಳುವ ತಯಾರಿಯೂ ಅರ್ಜಿಯ ತಯಾರಿಯಷ್ಟೇ ಅಗತ್ಯವೆಂದು ನಮ್ಮ ಪಾಲಕ ಮಿತ್ರರಲ್ಲಿ ನಾವು ವಿನಂತಿಸುತ್ತೇವೆ.